ಹನ್ನೊಂದು ಬಾಟಲಿ, ಮೂರು ನಿದ್ದೆ

ಸೆಂಟಾ ಐಸೆಲೆ ಅಳುತ್ತಾ ಬಂದಾಗ ರೈನ್‌ಹೋಲ್ಡ್ ಬಾಯರ್ಲೆ ಮೆಟ್ಟಿಲು ಗುಡಿಸುತ್ತಿದ್ದ. ಆ ವಾರ ಮೆಟ್ಟಿಲಿನ ಸರದಿ ಅವನದು. ಸರದಿಯ ಹಲಗೆ ಬಾಗಿಲಿಗೆ ಬಂದು ತಗಲಿಕೊಂಡಿತೆಂದರೆ ಮುಗಿಯಿತು, ರೇಬ್‌ಸ್ಟೈಗ್ ಬೀದಿಯಲ್ಲಿ ಜ್ವರ ಬಂದವನೂ ಎದ್ದು ಗುಡಿಸಬೇಕು. ನಲವತ್ತು ವರ್ಷ ಬೆಳಗಿನ ಮೂರಕ್ಕೆದ್ದು ಬ್ರೆಡ್ ಬೇಯಿಸಿದ ಮನುಷ್ಯನಿಗೆ ಗುಡಿಸುವುದು ಯಾವ ದೊಡ್ಡ ಕೆಲಸ? ಅವನ ಸಂಕಟವೇ ಬೇರೆ. ಹಿಂದಿನ ದಿನ ಮಧ್ಯಾಹ್ನ ಅವನೊಂದು ಅಪರಾಧ ಮಾಡಿದ್ದ, ಆ ಅಪರಾಧಿಯನ್ನು ಬೀದಿಗೆ ಬೀದಿಯೇ ಹುಡುಕುತ್ತಿತ್ತು.

ಆಗಿದ್ದಿಷ್ಟು. ಶನಿವಾರ ಅವನ ಅರವತ್ತೆಂಟನೆಯ ಹುಟ್ಟುಹಬ್ಬ. ಗೆಳೆಯರು ಬಂದರು, ಕುಡಿದರು, ಹಾಡಿದರು, ಹೋದರು. ಭಾನುವಾರ ಪೂರ್ತಿ ಅವನು ತಲೆನೋವೆಂದು ಮಂಚ ಬಿಟ್ಟೇಳಲಿಲ್ಲ. ಅದೇ ಭಾನುವಾರ ದೇಶದ ಗಡಿಯಾರಗಳೆಲ್ಲ ಬೇಸಿಗೆಯ ಲೆಕ್ಕಕ್ಕೆ ಒಂದು ಗಂಟೆ ಮುಂದಕ್ಕೆ ಹೋದವು. ಅವನ ಅಡುಗೆಮನೆಯ ಗಡಿಯಾರವನ್ನು ಮುಂದಕ್ಕೆ ತಿರುಗಿಸುವವರು ಯಾರೂ ಇರಲಿಲ್ಲ. ಸೋಮವಾರ ಅದು ಹನ್ನೆರಡು ಇಪ್ಪತ್ತು ತೋರಿಸಿದಾಗ ಅವನು ಖಾಲಿ ಬಾಟಲಿಗಳ ಚೀಲ ಹೊತ್ತು ಎದುರುಬದಿಯಲ್ಲಿ ಬೀದಿಯವರೆಲ್ಲ ಖಾಲಿ ಗಾಜು ಹಾಕುವ ದೊಡ್ಡ ಕಬ್ಬಿಣದ ಡಬ್ಬಕ್ಕೆ ಹೋಗಿ ಒಂದೊಂದಾಗಿ ಹಾಕಿದ. ಠಣ್, ಢಣ್, ಛಳ್! ನಿಜವಾದ ಸಮಯ ಒಂದು ಇಪ್ಪತ್ತು.

ಒಂದರಿಂದ ಮೂರರವರೆಗೆ ಮೌನದ ಹೊತ್ತು. ಆ ಎರಡು ಗಂಟೆ ರೇಬ್‌ಸ್ಟೈಗ್‌ನಲ್ಲಿ ಮೊಳೆ ಹೊಡೆಯುವಂತಿಲ್ಲ, ಕಂಬಳಿ ಕೊಡವುವಂತಿಲ್ಲ, ಪಿಟೀಲು ಮುಟ್ಟುವಂತಿಲ್ಲ. ಬಾಟಲಿ ಹಾಕುವ ಧೈರ್ಯವನ್ನಂತೂ ಈವರೆಗೆ ಯಾರೂ ಮಾಡಿರಲಿಲ್ಲ. ಮಂಗಳವಾರ ಬೆಳಗಾಗುವಷ್ಟರಲ್ಲಿ ಒಂಬತ್ತನೇ ಮನೆಯ ಫಿಸ್ಟರರ್ ಅಮ್ಮ ಡಬ್ಬಕ್ಕೆ ಚೀಟಿ ಅಂಟಿಸಿಯಾಗಿತ್ತು: "ನಿನ್ನೆ ಮಧ್ಯಾಹ್ನ 1.20ಕ್ಕೆ ಇಲ್ಲಿ ಬಾಟಲಿ ಒಡೆದ ಮಹಾನುಭಾವರೇ, ನೀವು ಯಾರೆಂದು ಗೊತ್ತಾಗುವವರೆಗೂ ನಾನು ಸುಮ್ಮನಿರುವುದಿಲ್ಲ." ರೈನ್‌ಹೋಲ್ಡ್ ಅದನ್ನು ಓದಿ, ಛೀ ಎಂಥ ಜನ ಎಂದು ತಲೆಯಾಡಿಸಿ, ಬೆವರು ಒರೆಸಿಕೊಂಡು ಮನೆಗೆ ಬಂದಿದ್ದ.

"ಓಟಿಲಿ ಅಮ್ಮ ಇದಾರಾ?" ಎಂದಳು ಸೆಂಟಾ. ನಲವತ್ತೆಂಟು ವರ್ಷದ ಗಟ್ಟಿ ಹೆಂಗಸು, ಎದುರಿನ ಹನ್ನೆರಡನೇ ಮನೆಯ ನಿದ್ರಾ ಸಂಶೋಧನಾಲಯದಲ್ಲಿ ಹನ್ನೊಂದು ವರ್ಷದಿಂದ ಕೆಲಸ. ಅವಳ ಕಣ್ಣಲ್ಲಿ ನೀರು ಕಂಡಿದ್ದು ಅವನಿಗೆ ಇದೇ ಮೊದಲು. ಪೊರಕೆ ಗೋಡೆಗೊರಗಿಸಿ ಅವಳನ್ನು ಕೆಳಮನೆಗೆ ಕರೆದೊಯ್ದ.

ಓಟಿಲಿ ಶ್ವೆಂಕ್‌ಗೆ ಎಪ್ಪತ್ತು ತುಂಬಿತ್ತು. ಮೂವತ್ತೊಂದು ವರ್ಷ ಪೊಲೀಸಿನಲ್ಲಿ ಕೂತು ಕಳ್ಳರನ್ನೂ ಸಾಕ್ಷಿಗಳನ್ನೂ ಮಾತಾಡಿಸಿದವರು. ಗದರಿಸಿ ಬಾಯಿ ಬಿಡಿಸಿದವರಲ್ಲ, ಬೆಣ್ಣೆ ಹಚ್ಚಿದ ಬ್ರೆಟ್ಸೆಲ್ ಎಂಬ ಗಂಟುಬ್ರೆಡ್ ಮುಂದಿಟ್ಟು ಬಿಡಿಸಿದವರು. ನಿವೃತ್ತಿಯಾದ ಮೇಲೂ ಊರಿನ ಕಳ್ಳತನ, ಕಳ್ಳಸಹಿಗಳೆಲ್ಲ ಅವರ ಅಡುಗೆಮನೆಯನ್ನೇ ಹುಡುಕಿಕೊಂಡು ಬರುತ್ತಿದ್ದವು. ಮೇಲಿನ ಮನೆಯ ರೈನ್‌ಹೋಲ್ಡ್ ಅವರಿಗೆ ಬಲಗೈ. ಎಡಗೈಯೂ ಅವನೇ, ಬೈಸಿಕೊಳ್ಳಲು ಬೇಕಾದ ಕಿವಿಯೂ ಅವನದೇ.

"ಕೂತ್ಕೋ. ಮೊದ್ಲು ಕಾಫಿ ಕುಡಿ, ಆಮೇಲೆ ಅಳು," ಎಂದರು ಓಟಿಲಿ.

ಸೆಂಟಾ ಕುಡಿಯಲೂ ಇಲ್ಲ, ಅಳಲೂ ಇಲ್ಲ. ನೆಟ್ಟಗೆ ಕೂತು ಹೇಳಿದಳು. ಸಂಶೋಧನಾಲಯಕ್ಕೆ ಬರುವವರು ರೈಲು ಚಾಲಕರು. ಓಡುವ ರೈಲಿನ ಮುಂದೆ ಯಾರೋ ಬಂದು ನಿಂತಿದ್ದನ್ನು ಕಣ್ಣಾರೆ ಕಂಡು, ಬ್ರೇಕ್ ಹಾಕಿಯೂ ನಿಲ್ಲಿಸಲಾಗದೆ ಉಳಿದವರು. ಅವರು ಆದದ್ದನ್ನು ಒಮ್ಮೆ ಹೇಳುತ್ತಾರೆ. ಆಮೇಲೆ ಅರ್ಧ ಜನ ಮಧ್ಯಾಹ್ನ ಮಲಗುತ್ತಾರೆ, ಅರ್ಧ ಜನ ಎಚ್ಚರವಿರುತ್ತಾರೆ. ವಾರಗಳ ನಂತರ ಮತ್ತೆ ಕೇಳಿದಾಗ ನೆನಪು ಎಷ್ಟು ಉಳಿದಿದೆ, ಎದೆ ಎಷ್ಟು ಹೊಡೆದುಕೊಳ್ಳುತ್ತದೆ ಎಂದು ಅಳೆಯುತ್ತಾರೆ.

"ಅಳತೆಗಳ ಮೇಲೆ ಬರೀ ನಂಬರು. ಯಾವ ನಂಬರು ಯಾರದು, ಅವರು ಮಲಗಿದ್ರಾ ಎಚ್ಚರ ಇದ್ರಾ ಅಂತ ಒಂದೇ ಒಂದು ನೀಲಿ ಪುಸ್ತಕದಲ್ಲಿದೆ. ಈ ಶುಕ್ರವಾರ ಅದನ್ನ ತೆರೀಬೇಕಿತ್ತು. ನಿನ್ನೆ ಅದು ಪ್ರೊಫೆಸರ್ ಮೇಜಿನಿಂದ ಮಾಯ."

"ಇನ್ನೊಂದು ಪ್ರತಿ?"

"ಇಲ್ಲಮ್ಮ. ಪ್ರತಿ ಇದ್ರೆ ಯಾರಾದ್ರೂ ಇಣುಕ್ತಾರೆ, ಇಣುಕಿದ್ರೆ ಅಳತೆ ಕೆಡುತ್ತೆ ಅಂತ ಪ್ರೊಫೆಸರ್ ಹಠ. ಮೂರು ವರ್ಷದ ಕೆಲಸ, ಅರವತ್ತು ಜನರ ನೋವು, ಎಲ್ಲ ಆ ಪುಸ್ತಕದಲ್ಲಿ."

"ನಿನ್ನ ಮೇಲೆ ಯಾಕೆ ಬಂತು?"

"ಆ ಹೊತ್ತಲ್ಲಿ ಎಚ್ಚರ ಇದ್ದದ್ದು ನಾನೊಬ್ಳೇ." ಸೆಂಟಾ ಬೆರಳು ಮಡಚಿ ಎಣಿಸಿದಳು. ಮೂರು ಕೋಣೆ, ಮೂರು ಜನ. ಒಂದರಲ್ಲಿ ರೈಲು ಚಾಲಕಿ ಸಿಲ್ಕೆ ಮಾಸ್ಟ್, ಎರಡರಲ್ಲಿ ಗೂಡ್ಸ್ ರೈಲಿನ ವೋಲ್ಕ್‌ಮಾರ್. ಮೂರನೆಯವನು ಬರಲಾಗದೆಂದು ಫೋನ್ ಮಾಡಿದ್ದರಿಂದ ಆ ಮಂಚದಲ್ಲಿ ಕಿರಿಯ ಡಾಕ್ಟರ್ ಹೋಲ್ಗರ್ ಟ್ರಾಯ್ಬ್. ಖಾಲಿ ಮಂಚದಲ್ಲಿ ಕೆಲಸದವರೇ ಮಲಗುವುದು ಅಲ್ಲಿ ವಾಡಿಕೆ, ಹೋದ ಗುರುವಾರವೂ ಆತ ಮಲಗಿದ್ದ. "ಮೂವರ ತಲೆಗೂ ನಾನೇ ತಂತಿ ಅಂಟಿಸಿದೆ. ಒಂದು ಗಂಟೆಯಿಂದ ಎರಡೂವರೆವರೆಗೆ ಪರದೆ ಮೇಲೆ ಮೂವರ ನಿದ್ದೆಯ ಗೆರೆ ಓಡ್ತಾ ಇದ್ದದ್ದನ್ನ ಕಣ್ಣಾರೆ ಕಂಡಿದೀನಿ. ಹೊರಗಿನವ್ರು ಬರೋದಾದ್ರೆ ನನ್ನ ಮುಂದೇನೇ ಬರಬೇಕು. ಯಾರೂ ಬರಲಿಲ್ಲ. ಹಾಗಂತ ಪ್ರೊಫೆಸರ್‌ಗೂ ಹೇಳಿದೆ."

"ಅಯ್ಯೋ ಹುಚ್ಚೀ," ಎಂದ ರೈನ್‌ಹೋಲ್ಡ್. "ನಿನ್ನ ಕೊರಳಿಗೆ ನೀನೇ ಹಗ್ಗ ಹಾಕ್ಕೊಂಡ್ಯಲ್ಲ!"

"ಇದ್ದದ್ದು ಹೇಳಿದೆ. ಸುಳ್ಳು ಹೇಳ್ಲಾ? ಇನ್ನೊಂದು ಇದೆ. ಸಿಲ್ಕೆಗೆ ನಡುವೆ ಒಂದು ಕ್ಷಣ ಎಚ್ಚರ ಆಯ್ತಂತೆ. ಬಾಗಿಲ ಗಾಜಿನಲ್ಲಿ ನನ್ನ ನೋಡಿದ್ಲಂತೆ. ಕೆಂಪು ಸ್ವೆಟರ್ ಹಾಕ್ಕೊಂಡು ನೀಲಿ ಪುಸ್ತಕ ಹಿಡ್ಕೊಂಡು ಹೋಗ್ತಿದ್ದೆ ಅಂತ ಆಣೆ ಮಾಡ್ತಾಳೆ. ಸ್ವೆಟರ್ ನಂದೇ. ನಾನು ಕೂರೋ ಯಂತ್ರದ ಕೋಣೆಗೆ ಕಿಟಕಿ ಇಲ್ಲ, ಸೆಕೆ ಅಂತ ಅದನ್ನ ಹೊರಗೆ, ನನಗೆ ಕಾಣದ ಓಣಿಯಲ್ಲಿ ಮೊಳೆಗೆ ನೇತು ಹಾಕಿರ್ತೀನಿ."

ಓಟಿಲಿ ತಣ್ಣಗಾದ ಕಾಫಿಯನ್ನು ಅವಳತ್ತ ಸರಿಸಿದರು. "ಕೆಲಸ ಹೋದ್ರೆ ಬೇರೆ ಸಿಗುತ್ತೆ. ನೀನು ಅದಕ್ಕಲ್ಲ ಅಳ್ತಿರೋದು."

ಆಗ ಸೆಂಟಾ ನಿಜಕ್ಕೂ ಅತ್ತಳು. ಟಿಲ್ಡಾ ಎಂಬ ಏಳು ವರ್ಷದ ಹುಡುಗಿ, ಹೋದ ವರ್ಷ ತಾಯಿ ತೀರಿಕೊಂಡವಳು, ಅನಾಥಾಲಯದಲ್ಲಿದ್ದಳು. ಮೂರು ಮನೆಯವರು ಕರೆದೊಯ್ದು, ಈ ಮಗು ನಿದ್ದೆಯನ್ನೇ ಮಾಡುವುದಿಲ್ಲ, ನಮ್ಮಿಂದಾಗದು ಎಂದು ವಾಪಸು ಬಿಟ್ಟಿದ್ದರು. ನಾಲ್ಕನೆಯ ಮನೆ ಸೆಂಟಾಳದು. ಮಕ್ಕಳ ಇಲಾಖೆಯವರು ಕೊನೆಯ ತೀರ್ಮಾನ ಹೇಳುವುದು ಶುಕ್ರವಾರ. ಗುರುವಾರ ಮಧ್ಯಾಹ್ನದೊಳಗೆ ಪುಸ್ತಕ ಸಿಗದಿದ್ದರೆ ಪೊಲೀಸಿಗೆ ದೂರು ಎಂದು ಪ್ರೊಫೆಸರ್ ಹೇಳಿಯಾಗಿತ್ತು. ಕಳ್ಳಿಯೆಂದು ಹೆಸರು ಬಂದವಳ ಕೈಗೆ ಯಾರು ಮಗು ಕೊಡುತ್ತಾರೆ?

"ಜನರನ್ನ ಮಲಗಿಸೋದೇ ನನ್ನ ಕಸುಬು ಅಮ್ಮ. ಇವಳೊಬ್ಬಳನ್ನ ಮಲಗಿಸೋಕೆ ನನಗೆ ಬಿಡಲ್ಲ ಅಂದ್ರೆ?"

ರೈನ್‌ಹೋಲ್ಡ್ ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡ. ಓಟಿಲಿ ಎದ್ದು ಕೋಟು ಹಾಕಿಕೊಂಡರು.

ಪ್ರೊಫೆಸರ್ ಅಡೆಲೆ ಕೆರ್ನ್ ತೆಳ್ಳಗೆ, ನೆಟ್ಟಗೆ, ಇಸ್ತ್ರಿ ಮಾಡಿದಂತಿದ್ದರು. ಸೆಂಟಾಳ ಮೇಲೆ ಅವರಿಗೆ ಸಿಟ್ಟಿಗಿಂತ ದುಃಖವೇ ಹೆಚ್ಚಾಗಿತ್ತು. ಸೋಮವಾರ ಊಟಕ್ಕೆ ಹೋಗಿ ಬಂದಾಗ ಮೇಜಿನ ಖಾನೆ ಖಾಲಿ. ತಕ್ಷಣ ಬಾಗಿಲು ಹಾಕಿ, ಎಲ್ಲರ ಚೀಲ, ಎಲ್ಲ ಮಂಚ ಹುಡುಕಿಸಿದ್ದರು. ಪುಸ್ತಕ ಹೊರಗೆ ಹೋಗಿರಲಿಲ್ಲ, ಒಳಗೂ ಸಿಗಲಿಲ್ಲ.

"ಮಲಗುವ ಕೋಣೆಗಳಲ್ಲಿ ಸದ್ದು ಕೇಳಲ್ವಾ?" ಎಂದರು ಓಟಿಲಿ.

"ಇಲ್ಲಿ ಸದ್ದೆಲ್ಲಿ ಬರುತ್ತೆ? ನಾನು ಈ ಮನೆ ಹಿಡಿದದ್ದೇ ಈ ಬೀದಿಯ ಮೌನ ನಂಬಿ. ಕಿಟಕಿ ಒಂದು ಬೆರಳಷ್ಟು ತೆರೆದಿಟ್ಟೇ ಮಲಗಿಸ್ತೀವಿ. ಒಂದರಿಂದ ಮೂರರವರೆಗೆ ಇಲ್ಲಿ ಬೆಕ್ಕು ಕೂಡ ಕೂಗಲ್ಲ."

ರೈನ್‌ಹೋಲ್ಡ್‌ಗೆ ಕೆಮ್ಮು ಬಂತು. ಡಬ್ಬ ಇದ್ದದ್ದು ಅದೇ ಕಿಟಕಿಗಳ ಕೆಳಗೆ. ಓಟಿಲಿ ಅವನತ್ತ ಒಂದು ನೋಟ ಬೀರಿ, ಸೆಂಟಾಳ ಕೆಂಪು ಸ್ವೆಟರನ್ನು ಮೊಳೆಯಿಂದ ತೆಗೆದು ತಿರುವಿ ನೋಡಿದರು. ಕುತ್ತಿಗೆ ಪಟ್ಟಿಯ ಒಳಮಗ್ಗುಲಲ್ಲಿ, ಹಿಂಬದಿಗೆ, ಬಿಳಿಯ ಏನೋ ಒಣಗಿ ಹಕ್ಕಳೆಗಟ್ಟಿತ್ತು.

"ತಂತಿ ಅಂಟಿಸೋ ಅಂಟು," ಎಂದರು ಪ್ರೊಫೆಸರ್. "ಸೆಂಟಾ ಕೈಗೆ ದಿನವೂ ಮೆತ್ತಿಕೊಂಡಿರುತ್ತೆ."

"ಕೈಗೆ," ಎಂದಷ್ಟೇ ಹೇಳಿ ಓಟಿಲಿ ಸ್ವೆಟರನ್ನು ಮೊಳೆಗೆ ಹಾಕಿದರು.

ಸಿಲ್ಕೆ ಮಾಸ್ಟ್ ಓದುವ ಕೋಣೆಯಲ್ಲಿ ಸಿಕ್ಕಳು. ನಲವತ್ತರ ಆಸುಪಾಸಿನವಳು, ಕೈಬೆರಳುಗಳನ್ನು ಒಂದರೊಳಗೊಂದು ಹೆಣೆದು ಕೂತಿದ್ದಳು. ನೋಡಿದ್ದನ್ನು ಮತ್ತೆ ಹೇಳಿದಳು. ಏನೋ ಸದ್ದಿಗೆ ಎಚ್ಚರವಾಯಿತು, ಎಂಥ ಸದ್ದೋ ನೆನಪಿಲ್ಲ. ಬಾಗಿಲ ಗಾಜಿನಲ್ಲಿ ಕೆಂಪು ಕಂಡಿತು, ನೀಲಿ ಪುಸ್ತಕ ಕಂಡಿತು. ಮತ್ತೆ ನಿದ್ದೆ ಎಳೆಯಿತು.

"ಸೆಂಟಾ ಮುಖ ನೋಡಿದ್ಯಾ?"

"ಮತ್ತೆ? ಸೆಂಟಾನೇ."

"ಸೆಂಟಾನೇ ಅಂತ ಗೊತ್ತು. ಮುಖ ಯಾವ ಕಡೆ ತಿರುಗಿತ್ತು? ಕೂದಲು ಕಟ್ಟಿದ್ಲಾ, ಬಿಟ್ಟಿದ್ಲಾ?"

ಸಿಲ್ಕೆ ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ನೋಡಿದಳು. "ಕೆಂಪು ಮಾತ್ರ ಇವತ್ತೂ ಕಣ್ಣಿಗೆ ಕಟ್ಟಿದ ಹಾಗಿದೆ," ಎಂದಳು ಕೊನೆಗೆ. "ನನ್ನ ರೈಲಿಗೆ ಬಂದವನು ಹಾಕಿದ್ದೂ ಕೆಂಪೇ."

ಓಟಿಲಿ ಅವಳ ಹೆಣೆದ ಬೆರಳುಗಳ ಮೇಲೆ ತಮ್ಮ ಕೈ ಇಟ್ಟು ಒಂದು ನಿಮಿಷ ಕೂತರು.

ಹೊರಗೆ ಡಾಕ್ಟರ್ ಟ್ರಾಯ್ಬ್ ಎದುರಾದ. ಇದೇ ಬೀದಿಯಲ್ಲಿ ಹುಟ್ಟಿ ಬೆಳೆದ, ನಗುಮುಖದ, ಚುರುಕಿನ ಮನುಷ್ಯ. "ಸೆಂಟಾ ಒಳ್ಳೆಯವಳು ಕಣಮ್ಮ. ಮಗು ಮಗು ಅಂತ ತಲೆ ಕೆಡಿಸ್ಕೊಂಡಿದಾಳೆ, ಅಷ್ಟೇ. ನನ್ನ ಕೇಳಿದ್ರೆ ಪೊಲೀಸು ಗಿಲೀಸು ಬೇಡ, ಸುಮ್ನೆ ಕೆಲಸ ಬಿಡಿಸಿ ಕಳಿಸಿದ್ರೆ ಸಾಕು."

"ನಿಮಗೇನೂ ಕೇಳಿಸಲಿಲ್ವಾ ಡಾಕ್ಟ್ರೇ?"

"ನಾನಾ? ಕೊರಡಿನ ಹಾಗೆ ಬಿದ್ದಿದ್ದೆ. ನನ್ನ ಗೆರೆ ನೋಡಿ, ಅಷ್ಟು ಚೆಂದದ ನಿದ್ದೆ ಈ ಮನೇಲಿ ಯಾರೂ ಮಾಡಿಲ್ಲ." ಆತ ಜೋರಾಗಿ ನಕ್ಕ. ಮಾತು ಅಲ್ಲಿಂದ ಅವನೇ ಬರೆದ ಪುಸ್ತಕಕ್ಕೆ ಹೊರಳಿತು. ಮೇ ತಿಂಗಳಲ್ಲಿ ಬರಲಿತ್ತು. ಆಘಾತವಾದವನನ್ನು ಆ ದಿನ ಮಲಗಗೊಡಬಾರದು, ನಿದ್ದೆ ಕೆಟ್ಟ ನೆನಪಿಗೆ ಮೊಳೆ ಹೊಡೆದು ಕೂರಿಸುತ್ತದೆ ಎಂಬುದು ಅದರ ತಿರುಳು. "ಪ್ರೊಫೆಸರ್ ಒಪ್ಪಲ್ಲ. ನಿದ್ದೆ ನೆನಪನ್ನ ಇಟ್ಕೊಂಡು ಅದರ ಮುಳ್ಳು ಮಾತ್ರ ಕೀಳುತ್ತೆ ಅಂತಾರೆ. ನೀಲಿ ಪುಸ್ತಕ ತೆರೆದಿದ್ರೆ ಯಾರು ಸರಿ ಅಂತ ಗೊತ್ತಾಗ್ತಿತ್ತು. ಇನ್ನೆಲ್ಲಿ!"

ಮನೆಗೆ ಬಂದ ಮೇಲೆ ಓಟಿಲಿ ಅದನ್ನೇ ಯೋಚಿಸುತ್ತಾ ಕೂತರು. ಬುಧವಾರ ಬೆಳಗೂ ಹಾಗೇ ಕಳೆಯಿತು. ರೈನ್‌ಹೋಲ್ಡ್ ಬೇಳೆ ಬೇಯಿಸಿ, ಹಿಟ್ಟಿನ ಎಳೆ ಒತ್ತಿ, ತಟ್ಟೆ ಮುಂದಿಟ್ಟರೆ ಅವರು ಚಮಚದಲ್ಲಿ ಬೇಳೆಯನ್ನು ಅತ್ತಿಂದಿತ್ತ ತಳ್ಳುತ್ತಾ ಕೂತರು.

"ಮೂವರು ಮಲಗಿದ್ರು, ಒಬ್ಬಳು ಎಚ್ಚರ ಇದ್ಲು. ಎಚ್ಚರ ಇದ್ದವಳು ಸತ್ಯ ಹೇಳ್ತಿದಾಳೆ ಅಂತ ನನಗೆ ಗೊತ್ತು. ಹಾಗಾದ್ರೆ ಮಲಗಿದವರಲ್ಲಿ ಒಬ್ರು ಮಲಗಿರಲಿಲ್ಲ. ಆದ್ರೆ ಪರದೆ ಮೇಲೆ ಮೂರೂ ನಿದ್ದೆ ಓಡಿವೆ! ನಿದ್ದೆಗೆ ಸಹಿ ಇರಲ್ಲ ನೋಡು. ಆ ನಿದ್ದೆ ಆ ದಿನದ್ದೇ ಅಂತ ಹೇಗೆ ಹೇಳೋದು? ಆ ಮಧ್ಯಾಹ್ನ ಮಾತ್ರ ಆದದ್ದು, ಬೇರೆ ಯಾವತ್ತೂ ಆಗದ್ದು, ಏನಾದ್ರೂ ಒಂದು ಬೇಕು. ಈ ಹಾಳು ಬೀದಿಯಲ್ಲಿ ಏನೂ ಆಗಲ್ಲ!"

ರೈನ್‌ಹೋಲ್ಡ್ ತನ್ನ ತಟ್ಟೆ ಪಕ್ಕಕ್ಕೆ ಸರಿಸಿದ. ಹೇಳಿದರೆ ಮಾನ ಹೋಗುತ್ತದೆ. ಫಿಸ್ಟರರ್ ಅಮ್ಮ ಇನ್ನು ಹತ್ತು ವರ್ಷ ಅವನನ್ನು ಕಂಡಾಗಲೆಲ್ಲ ಮುಖ ತಿರುಗಿಸುತ್ತಾಳೆ. ಬೇಕರಿಯ ಕಟ್ಟೆಯಲ್ಲಿ ಗೆಳೆಯರು ಆಡಿಕೊಳ್ಳುತ್ತಾರೆ. ಅದಕ್ಕಿಂತ ದೊಡ್ಡದು, ಓಟಿಲಿ ಏನೆಂದುಕೊಳ್ಳುತ್ತಾರೆ? ಆದರೆ ಸೆಂಟಾ ನೆಟ್ಟಗೆ ಕೂತು, ಸುಳ್ಳು ಹೇಳ್ಲಾ ಎಂದು ಕೇಳಿದ್ದು ಅವನ ಕಿವಿಯಿಂದ ಹೋಗಿರಲಿಲ್ಲ.

"ಓಟಿಲಿ ಅಮ್ಮ," ಎಂದ. "ಆಗಿತ್ತು. ಆ ದಿನ ಒಂದು ಆಗಿತ್ತು. ಬಾಟಲಿ."

"ಯಾವನೋ ಪೋಲಿ ಒಡೆದನಂತಲ್ಲ, ಅದಾ? ಆ ಫಿಸ್ಟರರ್‌ಗೆ ದಿನಾ ಏನಾದ್ರೂ ಕೇಳಿಸ್ತಾನೇ ಇರುತ್ತೆ, ನಾನು ಅದನ್ನ ಕಿವಿಗೇ ಹಾಕ್ಕೊಂಡಿರಲಿಲ್ಲ."

"ಆ ಪೋಲಿ ನಾನೇ."

ಚಮಚ ತಟ್ಟೆಗೆ ಬಿತ್ತು. "ಏನಂದೆ? ಮೌನದ ಹೊತ್ತಲ್ಲಿ? ನೀನಾ? ನನ್ನ ಮನೆ ಮೇಲಿದ್ದುಕೊಂಡು? ನಾಚಿಕೆ ಆಗಲ್ವಾ ರೈನ್‌ಹೋಲ್ಡ್?"

"ಗಡಿಯಾರ ಮುಂದೆ ಇಟ್ಟಿರಲಿಲ್ಲ ಅಮ್ಮ. ಹನ್ನೆರಡು ಇಪ್ಪತ್ತು ಅಂದ್ಕೊಂಡೆ. ಹಾಕಿ ಮುಗಿಸಿ ಬಂದು ರೇಡಿಯೋ ಹಚ್ಚಿದ ಮೇಲೆ ಗೊತ್ತಾಯ್ತು. ಆಮೇಲೆ ಹೇಳೋಕೆ ಬಾಯಿ ಬರಲಿಲ್ಲ."

ಓಟಿಲಿ ಇನ್ನೂ ಬೈಯುವವರಿದ್ದರು. ಬೆರಳೂ ಎತ್ತಿದ್ದರು. ಆ ಬೆರಳು ಗಾಳಿಯಲ್ಲೇ ನಿಂತಿತು.

"ಎಷ್ಟು ಬಾಟಲಿ?"

"ಹನ್ನೊಂದು."

"ಖಾತ್ರಿನಾ?"

"ನನ್ನ ಹುಟ್ಟುಹಬ್ಬ, ನನ್ನ ಬಾಟಲಿ. ಹನ್ನೆರಡು ತಂದಿದ್ದೆ, ಒಂದು ಇನ್ನೂ ತೆರೆದೇ ಇಲ್ಲ. ಒಂದೊಂದೇ ಹಾಕಿದೆ. ಎಂಟನೇದು ತೂತಿಗೆ ಸಿಕ್ಕಿಕೊಂಡು ಸ್ವಲ್ಪ ಹೊತ್ತಾಯ್ತು, ಕೈ ಹಾಕಿ ತಳ್ಳಿದೆ."

ಓಟಿಲಿ ಎದ್ದು ಬಂದು ಅವನ ಬೋಳುತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನೆತ್ತಿಗೆ ಮುತ್ತಿಟ್ಟರು. ಮೂವತ್ತು ವರ್ಷದ ನೆರೆಹೊರೆಯಲ್ಲಿ ಹಾಗೆ ಎಂದೂ ಆಗಿರಲಿಲ್ಲ, ಅವನು ಬೆಪ್ಪಾಗಿ ಕೂತುಬಿಟ್ಟ. ಅವರು ಆಗಲೇ ಪ್ರೊಫೆಸರ್‌ಗೆ ಫೋನ್ ಮಾಡುತ್ತಿದ್ದರು. ನಾಲ್ಕು ನಿದ್ದೆಗಳ ಗೆರೆಯನ್ನು ಕಾಗದಕ್ಕಿಳಿಸಿ ಕೊಡಿ, ಯಾರಿಗೂ ಹೇಳಬೇಡಿ ಎಂದರು. ಫೋನ್ ಇಟ್ಟು ತಿರುಗಿ, "ನಾಳೆ ಎಲ್ಲರ ಮುಂದೆ ಹೇಳ್ಬೇಕಾಗುತ್ತೆ. ಫಿಸ್ಟರರ್‌ನೂ ಕರೀತೀನಿ. ಹೇಳ್ತೀಯಾ?" ಎಂದರು.

"ಸಾಯ್ಲಿ. ಹೇಳ್ತೀನಿ," ಎಂದ ರೈನ್‌ಹೋಲ್ಡ್.

ಗುರುವಾರ ಹನ್ನೊಂದಕ್ಕೆ ಎಲ್ಲರೂ ಸಂಶೋಧನಾಲಯದ ಓದುವ ಕೋಣೆಯಲ್ಲಿ ಸೇರಿದರು. ಪ್ರೊಫೆಸರ್ ಕಿಟಕಿಯ ಬಳಿ, ಸಿಲ್ಕೆ ಮತ್ತು ವೋಲ್ಕ್‌ಮಾರ್ ಸೋಫಾದಲ್ಲಿ, ಡಾಕ್ಟರ್ ಟ್ರಾಯ್ಬ್ ಕಾಲ ಮೇಲೆ ಕಾಲು ಹಾಕಿಕೊಂಡು ಕುರ್ಚಿಯಲ್ಲಿ. ಸೆಂಟಾ ಬಾಗಿಲ ಹತ್ತಿರ ನಿಂತೇ ಇದ್ದಳು. ಫಿಸ್ಟರರ್ ಅಮ್ಮ ಯಾಕೆ ಕರೆದರೋ ತಿಳಿಯದೆ ಟೋಪಿ ಸಮೇತ ಕೂತಿದ್ದಳು.

"ಸಿಲ್ಕೆಯಿಂದ ಶುರು ಮಾಡೋಣ," ಎಂದರು ಓಟಿಲಿ. "ಅವಳು ಸುಳ್ಳು ಹೇಳಿಲ್ಲ. ಆದ್ರೆ ನೋಡಿದ ಮೇಲೆ ಅವಳು ಮತ್ತೆ ಒಂದು ಗಂಟೆ ಮಲಗಿದ್ಲು. ಎದೆಗೆ ತಾಗಿದ್ದನ್ನ ನಿದ್ದೆ ಭದ್ರವಾಗಿ ಇಟ್ಕೊಳ್ಳುತ್ತೆ, ಸುತ್ತಮುತ್ತಲಿನದನ್ನ ಬಿಟ್ಟುಬಿಡುತ್ತೆ. ಇದು ಪ್ರೊಫೆಸರ್ ಈ ಮನೇಲಿ ಇಪ್ಪತ್ತು ವರ್ಷದಿಂದ ಹೇಳ್ತಿರೋ ಮಾತು. ಹೌದಲ್ವಾ?"

ಪ್ರೊಫೆಸರ್ ಹೌದೆಂದು ತಲೆಯಾಡಿಸಿದರು.

"ಸಿಲ್ಕೆಗೆ ಕೆಂಪು ಅಂದ್ರೆ ಏನು ಅಂತ ನಿಮಗೆಲ್ಲ ಗೊತ್ತು. ಕೆಂಪು ಉಳೀತು. ಮುಖ, ಕೂದಲು, ನಡಿಗೆ, ಎಲ್ಲ ಹೋಯ್ತು. ಕೆಂಪು ಸ್ವೆಟರ್ ಹಾಕೋದು ಸೆಂಟಾ ಒಬ್ಬಳೇ, ಅದಕ್ಕೆ ಖಾಲಿ ಜಾಗಕ್ಕೆ ಸೆಂಟಾ ಮುಖ ಬಂದು ಕೂತ್ಕೊಂಡಿತು. ಸ್ವೆಟರ್ ನೇತಾಡ್ತಿದ್ದದ್ದು ಹೊರಗಿನ ಮೊಳೆಯಲ್ಲಿ. ಯಾರು ಬೇಕಾದ್ರೂ ಹಾಕ್ಕೋಬಹುದು. ಹಾಕ್ಕೊಂಡವರು ಅದರ ಕುತ್ತಿಗೆ ಪಟ್ಟಿ ಒಳಗೆ ಅಂಟು ಮೆತ್ತಿ ಹೋಗಿದಾರೆ. ಸೆಂಟಾಗೆ ಅಂಟು ಮೆತ್ತೋದು ಕೈಗೆ. ಕುತ್ತಿಗೆ ಹಿಂದೆ ಅಂಟು ಮೆತ್ತೋದು ತಲೆಗೆ ತಂತಿ ಅಂಟಿಸಿಕೊಂಡವರಿಗೆ. ತಂತಿಯನ್ನ ಮಂಚದ ಪಕ್ಕದ ಪೆಟ್ಟಿಗೆಯಿಂದ ಕಿತ್ತು, ಬೆನ್ನ ಹಿಂದೆ ಇಳಿಬಿಟ್ಟು, ಮೇಲೆ ಸ್ವೆಟರ್ ಹಾಕ್ಕೊಂಡ್ರೆ ಏನೂ ಕಾಣಲ್ಲ."

"ಚೆನ್ನಾಗಿದೆ," ಎಂದು ಟ್ರಾಯ್ಬ್ ನಕ್ಕ. "ಆದ್ರೆ ತಂತಿ ಕಿತ್ತ ಕೂಡ್ಲೇ ಪರದೆ ಮೇಲೆ ಗೆರೆ ನಿಂತುಹೋಗುತ್ತೆ ಅಮ್ಮ. ಮೂರೂ ಗೆರೆ ಓಡ್ತಿದ್ದದ್ದನ್ನ ಸೆಂಟಾನೇ ನೋಡಿದಾಳೆ."

"ನೋಡಿದಾಳೆ. ಯಾವ ದಿನದ ಗೆರೆ ಅಂತ ಅವಳಿಗೆ ಹೇಗೆ ಗೊತ್ತಾಗ್ಬೇಕು? ರೈನ್‌ಹೋಲ್ಡ್, ಏಳು."

ರೈನ್‌ಹೋಲ್ಡ್ ಎದ್ದ. ಫಿಸ್ಟರರ್ ಅಮ್ಮನ ಟೋಪಿಯನ್ನು ಮಾತ್ರ ನೋಡುತ್ತಾ, "ಸೋಮವಾರ ಒಂದು ಇಪ್ಪತ್ತಕ್ಕೆ ಬಾಟಲಿ ಹಾಕಿದ್ದು ನಾನು. ಹನ್ನೊಂದು. ಒಂದೊಂದಾಗಿ. ಗಡಿಯಾರ ಮುಂದಕ್ಕಿಡೋಕೆ ಮರೆತಿದ್ದೆ. ತಪ್ಪಾಯ್ತು," ಎಂದ.

"ನೀವಾ!" ಎಂದು ಫಿಸ್ಟರರ್ ಅಮ್ಮ ಕೂತಲ್ಲೇ ಹಾರಿದಳು. "ನಮ್ಮ ಬಾಯರ್ಲೆ! ಅಯ್ಯಯ್ಯೋ!"

"ಆಮೇಲೆ ಬೈಯಿರಿ, ನಾನೂ ಸೇರ್ಕೋತೀನಿ," ಎಂದು ಓಟಿಲಿ ಎರಡು ಉದ್ದನೆಯ ಕಾಗದಗಳನ್ನು ಮೇಜಿನ ಮೇಲೆ ಬಿಡಿಸಿದರು. "ಇದು ಸಿಲ್ಕೆ ನಿದ್ದೆ. ಇದು ವೋಲ್ಕ್‌ಮಾರ್‌ದು. ಒಂದು ಇಪ್ಪತ್ತರಲ್ಲಿ ನೋಡಿ. ಮಲಗಿದವರ ತಲೆಗೂ ಸದ್ದು ತಾಗುತ್ತೆ, ಗೆರೆ ಮುಳ್ಳಿನ ಹಾಗೆ ಮೇಲೇಳುತ್ತೆ. ಎಣಿಸಿ ಪ್ರೊಫೆಸರ್. ಏಳು ಮುಳ್ಳು, ಒಂದ್ರ ಹಿಂದೊಂದು. ಆಮೇಲೆ ಖಾಲಿ. ಬಾಟಲಿ ತೂತಿಗೆ ಸಿಕ್ಕಿಕೊಂಡ ಹೊತ್ತು ಅದು. ಮತ್ತೆ ನಾಲ್ಕು. ಸಿಲ್ಕೆಗೆ ಅಲ್ಲೇ ಎಚ್ಚರ ಆಗಿದೆ. ವೋಲ್ಕ್‌ಮಾರ್‌ಗೆ ಎಚ್ಚರ ಆಗದಿದ್ರೂ ಹನ್ನೊಂದೂ ಬಿದ್ದಿವೆ, ಅದೇ ಜಾಗದಲ್ಲಿ. ಇನ್ನು ಇದು ಡಾಕ್ಟ್ರದು."

ಮೂರನೆಯ ಕಾಗದದಲ್ಲಿ ಒಂದು ಇಪ್ಪತ್ತಕ್ಕೆ ಗೆರೆ ನಯವಾಗಿ, ಸಾವಕಾಶವಾಗಿ ಹರಿದಿತ್ತು. ಒಂದು ಮುಳ್ಳೂ ಇರಲಿಲ್ಲ.

"ನನ್ನ ನಿದ್ದೆ ಗಾಢ," ಎಂದ ಟ್ರಾಯ್ಬ್. ಈ ಸಲ ನಗಲಿಲ್ಲ.

"ಇರಬಹುದು. ಅದಕ್ಕೇ ಇನ್ನೊಂದು ಕಾಗದ ತರಿಸಿದೆ. ಹೋದ ಗುರುವಾರದ ನಿಮ್ಮ ನಿದ್ದೆ." ಓಟಿಲಿ ಎರಡು ಕಾಗದಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದರು. ಬೆಳಕು ಎರಡನ್ನೂ ಹಾಯ್ದು ಬಂತು. ಎರಡು ಗೆರೆ ಇರಬೇಕಾದ ಕಡೆ ಒಂದೇ ಗೆರೆ ಕಾಣುತ್ತಿತ್ತು, ಉಸಿರಿನಿಂದ ಉಸಿರಿಗೆ, ಎದೆಬಡಿತದಿಂದ ಎದೆಬಡಿತಕ್ಕೆ. "ಒಬ್ಬ ಮನುಷ್ಯ ಒಂದೇ ನಿದ್ದೆಯನ್ನ ಎರಡು ಸಲ ಮಾಡಲ್ಲ ಡಾಕ್ಟ್ರೇ. ಮಂಚದ ಪಕ್ಕದ ಪೆಟ್ಟಿಗೆಯಿಂದಲೇ ಹಳೇ ನಿದ್ದೆಯನ್ನ ಪರದೆಗೆ ಬಿಟ್ಟು ನೀವು ಎದ್ದು ಹೋದ್ರಿ. ಬೇರೆ ಊರಲ್ಲಾಗಿದ್ರೆ ಇಷ್ಟು ಧೈರ್ಯ ಮಾಡ್ತಿರಲಿಲ್ಲ. ಬೀದೀಲಿ ಲಾರಿ ಹೋದೀತು, ನಾಯಿ ಬೊಗಳೀತು ಅಂತ ಯೋಚನೆ ಮಾಡ್ತಿದ್ರಿ. ಇದು ರೇಬ್‌ಸ್ಟೈಗ್, ಮೌನದ ಹೊತ್ತು. ಈ ಬೀದೀಲಿ ಹುಟ್ಟಿ ಬೆಳೆದವರು ನೀವು. ಇಲ್ಲಿ ಸದ್ದಾಗುತ್ತೆ ಅಂತ ನಿಮಗೆ ಕನಸಲ್ಲೂ ಬರಲಿಲ್ಲ."

ಟ್ರಾಯ್ಬ್ ಕಾಲು ಕೆಳಗಿಳಿಸಿದ. ನೋಡನೋಡುತ್ತಿದ್ದಂತೆ ಅವನ ಮುಖದ ಚುರುಕೆಲ್ಲ ಇಳಿದುಹೋಯಿತು.

"ಎಂಟು ವರ್ಷ ಬರೆದೆ ನನ್ನ ಪುಸ್ತಕ," ಎಂದ. "ಅಚ್ಚಿಗೆ ಹೋಗಿದೆ. ಶುಕ್ರವಾರ ಇವರು ನೀಲಿ ಪುಸ್ತಕ ತೆರೆದು, ನೀನು ಹೇಳಿದ್ದೆಲ್ಲ ಸುಳ್ಳು ಅಂದುಬಿಟ್ರೆ? ತಪ್ಪು ಅಂತ ಗೊತ್ತಾಗೋದಕ್ಕಿಂತ ಗೊತ್ತೇ ಆಗದಿದ್ರೆ ಮೇಲು ಅನಿಸ್ತು."

"ಸೆಂಟಾ?" ಎಂದರು ಪ್ರೊಫೆಸರ್. ದನಿ ಕಲ್ಲಾಗಿತ್ತು.

"ಅವಳ ಮೇಲೆ ಬರುತ್ತೆ ಅಂತ ಅಂದ್ಕೊಂಡಿರಲಿಲ್ಲ. ಬಂದ ಮೇಲೆ ಬಾಯಿ ಮುಚ್ಕೊಂಡೆ. ಅದೇ ನಾನು ಮಾಡಿದ ದೊಡ್ಡ ಪಾಪ." ಆತ ಎದ್ದ. "ಪುಸ್ತಕ ಕೆಳಗಿನ ಉಗ್ರಾಣದಲ್ಲಿದೆ, ಹಳೇ ನೀಲಿ ಪುಸ್ತಕಗಳ ಸಾಲಲ್ಲಿ. ಹುಡುಕಾಟ ಮುಗಿದ ಮೇಲೆ ಒಲೆಗೆ ಹಾಕೋಣ ಅಂತ ಎರಡು ಸಲ ಹೋದೆ. ಅರವತ್ತು ಜನರ ಹೆಸರು ನೋಡಿ ಕೈ ಬರಲಿಲ್ಲ."

ವೋಲ್ಕ್‌ಮಾರ್ ಅವನ ಹಿಂದೆಯೇ ಹೋಗಿ ಪುಸ್ತಕ ತಂದ. ಪ್ರೊಫೆಸರ್ ಅದನ್ನು ತೆರೆಯದೆ ಎದೆಗವಚಿಕೊಂಡು ಸೆಂಟಾಳ ಮುಂದೆ ಬಂದು ನಿಂತರು. ಇಸ್ತ್ರಿಯೆಲ್ಲ ಮುದುರಿತ್ತು. "ಹನ್ನೊಂದು ವರ್ಷ ನೋಡಿಯೂ ನಿನ್ನ ನಂಬಲಿಲ್ಲ. ಕ್ಷಮಿಸು ಅಂತ ಕೇಳೋಕೂ ನಾಚಿಕೆ ಆಗುತ್ತೆ."

"ನಾಳೆ ಹತ್ತು ಗಂಟೆಗೆ ಇಲಾಖೆಯವ್ರು ಬರ್ತಾರೆ. ನೀವು ಬಂದು ನನ್ನ ಬಗ್ಗೆ ಎರಡು ಮಾತು ಹೇಳಿ, ಸಾಕು," ಎಂದಳು ಸೆಂಟಾ.

ಸಿಲ್ಕೆ ಬಂದು ಅವಳನ್ನು ತಬ್ಬಿಕೊಂಡಳು. ಫಿಸ್ಟರರ್ ಅಮ್ಮ ರೈನ್‌ಹೋಲ್ಡ್‌ನ ಮುಂದೆ ಬಂದು ಬೆರಳೆತ್ತಿದಳು. ಆಮೇಲೆ ಅದೇ ಕೈಯಲ್ಲಿ ಅವನ ಭುಜ ತಟ್ಟಿ ಹೋದಳು.

ಶುಕ್ರವಾರ ಬೆಳಿಗ್ಗೆ ಪ್ರೊಫೆಸರ್ ಎರಡು ಮಾತಲ್ಲ, ಅರ್ಧ ಗಂಟೆ ಮಾತಾಡಿದರಂತೆ. ಮಧ್ಯಾಹ್ನ ನೀಲಿ ಪುಸ್ತಕ ತೆರೆದರು. ಮಲಗಿದವರಿಗೂ ಎಚ್ಚರವಿದ್ದವರಿಗೂ ಆ ದಿನದ ನೆನಪು ಒಂದೇ ಸಮ ಉಳಿದಿತ್ತು, ಆದರೆ ಮಲಗಿದವರಲ್ಲಿ ಹೆಚ್ಚಿನವರ ಎದೆ ಅದನ್ನು ಹೇಳುವಾಗ ಮೊದಲಿನಷ್ಟು ಹೊಡೆದುಕೊಳ್ಳುತ್ತಿರಲಿಲ್ಲ. ಟ್ರಾಯ್ಬ್ ತಾನೇ ಹೋಗಿ ತನ್ನ ಪುಸ್ತಕದ ಅಚ್ಚು ನಿಲ್ಲಿಸಿದ, ಪೊಲೀಸರ ಮುಂದೆ ತಾನೇ ಹೇಳಿಕೆ ಕೊಟ್ಟ.

ಮುಂದಿನ ವಾರ ಟಿಲ್ಡಾ ಬಂದಳು. ರೈನ್‌ಹೋಲ್ಡ್ ಜಡೆ ಹೆಣೆದ ಸಿಹಿ ಬ್ರೆಡ್ ಮಾಡಿಕೊಂಡು ಓಟಿಲಿಯ ಜೊತೆ ಸೆಂಟಾಳ ಮನೆಗೆ ಹೋದಾಗ ಹುಡುಗಿ ಸೋಫಾದ ಅಂಚಿನಲ್ಲಿ ಬೂಟು ಬಿಚ್ಚದೆ ಕೂತಿದ್ದಳು. ಕಣ್ಣ ಸುತ್ತ ಕಪ್ಪುಗಟ್ಟಿತ್ತು. ಹಿಂದಿನ ರಾತ್ರಿಯೆಲ್ಲ ಹಾಗೇ ಕೂತಿದ್ದಳಂತೆ. ರೆಪ್ಪೆ ಎಳೆದಾಗಲೆಲ್ಲ ತನ್ನ ತೋಳನ್ನು ತಾನೇ ಚಿವುಟಿಕೊಳ್ಳುತ್ತಿದ್ದಳು.

"ಯಾಕೆ ಕಂದಾ ಚಿವುಟ್ಕೋತೀಯ?" ಎಂದಳು ಸೆಂಟಾ, ನೆಲದ ಮೇಲೆ ಅವಳೆದುರು ಕೂತು.

ಟಿಲ್ಡಾ ಚಿವುಟುವುದನ್ನು ಬಿಟ್ಟಳು. ಆಮೇಲೆ ಬೂಟಿನ ತುದಿ ನೋಡುತ್ತಾ ಹೇಳಿದಳು. "ನಿದ್ದೆ ಮಾಡಿದ್ರೆ ಅಮ್ಮ ಹೋಗ್ತಾಳೆ. ಒಂದಿನ ತುಂಬಾ ನಿದ್ದೆ ಮಾಡ್ಬಿಟ್ಟೆ. ಎದ್ದಾಗ ಅಮ್ಮನ ಕೋಟಿನ ಗುಂಡಿ ಯಾವ ಬಣ್ಣ ಅಂತ ಗೊತ್ತಾಗ್ಲೇ ಇಲ್ಲ."

ರೈನ್‌ಹೋಲ್ಡ್ ಕೈಯಲ್ಲಿದ್ದ ಬ್ರೆಡ್ಡನ್ನು ಮೇಜಿನ ಮೇಲಿಟ್ಟ. ಮೂರು ಮನೆಯವರು ಇವಳನ್ನು ಬೈದರು, ಮುದ್ದು ಮಾಡಿದರು, ವಾಪಸು ಬಿಟ್ಟರು. ಒಬ್ಬರೂ ಇದನ್ನು ಕೇಳಿರಲಿಲ್ಲವೇ? ಸುಳ್ಳು ಹೇಳು ಸೆಂಟಾ, ಏನೂ ಹೋಗುವುದಿಲ್ಲ ಎಂದುಬಿಡು ಎಂದು ಮನಸ್ಸಿನಲ್ಲೇ ಅಂದುಕೊಂಡ.

"ಗುಂಡಿ ಹೋಗಬಹುದು," ಎಂದಳು ಸೆಂಟಾ. "ಕೋಟೂ ಹೋಗಬಹುದು. ಅದು ನಿಜ ಟಿಲ್ಡಾ. ಆದ್ರೆ ಅಮ್ಮ ಹೋಗಲ್ಲ. ನಾನು ಹನ್ನೊಂದು ವರ್ಷದಿಂದ ಜನ ಮಲಗೋದನ್ನ ನೋಡ್ತಾ ಬಂದಿದೀನಿ. ತುಂಬಾ ಬೇಕಾದವರನ್ನ ನಿದ್ದೆ ಬಿಟ್ಟುಕೊಡಲ್ಲ, ಇನ್ನೂ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ."

"ಗುಂಡಿನೂ ಬೇಕು ನನಗೆ."

"ಹಾಗಾದ್ರೆ ಗುಂಡಿಯಂಥದ್ದನ್ನೆಲ್ಲ ನನಗೆ ಹೇಳು. ನಾನು ಬರ್ಕೋತೀನಿ. ನೀನು ಮಲಗಿದಾಗ ಅದು ನನ್ನ ಹತ್ರ ಇರುತ್ತೆ. ಎದ್ದ ಮೇಲೆ ಓದಿ ಹೇಳ್ತೀನಿ."

ಟಿಲ್ಡಾ ಅವಳನ್ನು ಅಳೆಯುವಂತೆ ನೋಡಿದಳು. ಆಮೇಲೆ ತಾನೇ ಬೂಟು ಬಿಚ್ಚಿದಳು. ಸೆಂಟಾ ಕಾಗದ ತಂದು ಬರೆಯತೊಡಗಿದಳು. ಅಮ್ಮ ಆಲೂಗಡ್ಡೆ ಸುಲಿಯುವಾಗ ಸಿಳ್ಳೆ ಹಾಕುತ್ತಿದ್ದಳು. ಅಮ್ಮನ ಎಡಗೈಯಲ್ಲಿ ಒಂದು ಮಚ್ಚೆ ಇತ್ತು. ಅಮ್ಮನಿಗೆ ಸೈಕಲ್ ಬರುತ್ತಿರಲಿಲ್ಲ, ಬರುತ್ತದೆ ಎಂದು ಸುಳ್ಳು ಹೇಳುತ್ತಿದ್ದಳು. ಟಿಲ್ಡಾ ಹೇಳುತ್ತಾ ಹೇಳುತ್ತಾ ಒರಗಿದಳು, ಒರಗಿ ಕಾಲು ಮಡಚಿದಳು. "ಬರೆದ್ಯಾ?" ಎಂದು ಒಮ್ಮೆ ಕೇಳಿದಳು. "ಬರೆದೆ," ಎಂದಳು ಸೆಂಟಾ. ಒಂಬತ್ತನೆಯ ಸಾಲು, ಅಮ್ಮ ಬೆಳಿಗ್ಗೆ ನನ್ನನ್ನು ಎಬ್ಬಿಸುವಾಗ ಎಂದು ಶುರುವಾಗಿ ಅಲ್ಲೇ ನಿಂತಿತು.

ರೈನ್‌ಹೋಲ್ಡ್ ಏನೋ ಹೇಳಲು ಹೋದ, ಓಟಿಲಿ ಅವನ ತೋಳು ಹಿಡಿದು ಸುಮ್ಮನಿರಿಸಿದರು. ಸೆಂಟಾ ಪೆನ್ನು ಕೆಳಗಿಡದೆ, ಆ ಸಾಲಿನ ಮುಂದೆ ಜಾಗ ಬಿಟ್ಟು, ಮಗುವಿನ ಉಸಿರು ಏರಿ ಇಳಿಯುವುದನ್ನು ನೋಡುತ್ತಾ ಕೂತಳು.